ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆಬ್ಸೆಂಟ್ ಹಾಕುವವರಿಲ್ಲ

ರಿಜಿಸ್ಟ್ರಿ ನೋಡಿ ಸರ್ವರ್ ತಂತ್ರಾಂಶವನ್ನು ಪತ್ತೆ ಮಾಡುವ ವಿಧಾನ, ಪತ್ತೆಯಾಗದಿದ್ದಾಗ ಹುಡುಕುವ ಕ್ರಮ

ಪ್ರಥಮ ಪಿಯುಸಿಗೆ ತಡವಾಗಿ ಸೇರಿದ ವಿದ್ಯಾರ್ಥಿಯೊಬ್ಬನಿದ್ದಾನೆ ಎಂದುಕೊಳ್ಳಿ. ಕಚೇರಿಯಲ್ಲಿ ಶುಲ್ಕ ಕಟ್ಟಿದ್ದಾನೆ, ಸಮವಸ್ತ್ರ ಹೊಲಿಸಿದ್ದಾನೆ, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಾನೆ. ಆದರೆ ಹಾಜರಿ ಪುಸ್ತಕಕ್ಕೆ ಅವನ ಹೆಸರು ಇನ್ನೂ ಏರಿಲ್ಲ. ಅವನು ಒಂದು ವಾರ ಬರದೇ ಹೋದರೂ ಪುಸ್ತಕದಲ್ಲಿ ಕೆಂಪು ಗುರುತು ಬೀಳುವುದಿಲ್ಲ, ಮನೆಗೆ ಫೋನ್ ಹೋಗುವುದಿಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ತರಗತಿಯ ಹಾಜರಾತಿ ನೂರಕ್ಕೆ ನೂರು ಎಂದು ಬಂದರೂ ಆಶ್ಚರ್ಯವಿಲ್ಲ. ಪುಸ್ತಕ ಸುಳ್ಳು ಹೇಳಿಲ್ಲ. ತನ್ನಲ್ಲಿ ಇರುವ ಹೆಸರುಗಳ ಬಗ್ಗೆ ಸರಿಯಾದದ್ದನ್ನೇ ಹೇಳಿದೆ.

ದೊಡ್ಡ ಸಂಸ್ಥೆಗಳಲ್ಲಿ ನೂರಾರು ಸರ್ವರ್‌ಗಳ ಮೇಲೆ ಕಣ್ಣಿಡುವ ನಿಗಾ ತಂತ್ರಾಂಶಗಳ ಕತೆಯೂ ಇದೇ. ಅವು ಮೊದಲು ಏನನ್ನು ನೋಡಬೇಕು ಎಂಬ ಪಟ್ಟಿಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಇದಕ್ಕೆ ಡಿಸ್ಕವರಿ ಎನ್ನುತ್ತಾರೆ. ಪಟ್ಟಿಗೆ ಬಂದ ಮೇಲಷ್ಟೇ ಹಸಿರು, ಹಳದಿ, ಕೆಂಪು ಬಣ್ಣಗಳ ಮಾತು. ಪಟ್ಟಿಗೇ ಬಾರದ ವಸ್ತು ಕೆಟ್ಟು ನಿಂತರೂ ಪರದೆ ಹಸಿರಾಗಿಯೇ ಇರುತ್ತದೆ. ನಮ್ಮ ಕಾಲೇಜಿನಿಂದ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್‌ಗೆ ಹೋಗಿ ಮುಂದೆ ಬೆಂಗಳೂರಿನಲ್ಲೋ ದುಬೈ, ದೋಹಾಗಳಲ್ಲೋ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರುವವರಿಗೆ ಈ ಸಮಸ್ಯೆ ಮೊದಲ ವರ್ಷದಲ್ಲೇ ಎದುರಾಗಬಹುದು. ಅದನ್ನು ಬಿಡಿಸಲು ಬೇಕಾದ ವಿಷಯವೆಲ್ಲ ನಮ್ಮ ಕಂಪ್ಯೂಟರ್ ವಿಜ್ಞಾನದ ತರಗತಿಯ ಮಟ್ಟದ್ದೇ ಆಗಿರುವುದರಿಂದ ಈ ಪಾಠ ಬರೆಯುತ್ತಿದ್ದೇನೆ.

ಉದಾಹರಣೆಗೆ ಮೈಕ್ರೋಸಾಫ್ಟ್‌ನ ಸಿಸ್ಟಮ್ ಸೆಂಟರ್ ಆಪರೇಷನ್ಸ್ ಮ್ಯಾನೇಜರ್ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳುತ್ತೇನೆ. ಕೆಲಸದ ಜಾಗದಲ್ಲಿ ಅದನ್ನು ಚುಟುಕಾಗಿ 'ಸ್ಕಾಮ್' ಎನ್ನುತ್ತಾರೆ. ಹೆಸರು ಕೇಳಿ ನಗಬೇಡಿ, ಹಗರಣಕ್ಕೂ ಇದಕ್ಕೂ ಸಂಬಂಧವಿಲ್ಲ. 2007ರ ಆವೃತ್ತಿಯಿಂದ ಇದು ವಸ್ತುಗಳನ್ನು ವರ್ಗಗಳಾಗಿ ನೋಡುವ ಕ್ರಮವನ್ನು ಅಳವಡಿಸಿಕೊಂಡಿತು. ಆಮೇಲೆ 2012, 2016, 2019, 2022 ಎಂಬ ಹೆಸರಿನ ಆವೃತ್ತಿಗಳು ಬಂದರೂ ಡಿಸ್ಕವರಿಯ ಮೂಲ ರೀತಿ ಬದಲಾಗಿಲ್ಲ.

ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ 12 ವಿಂಡೋಸ್ ಸರ್ವರ್‌ಗಳಿವೆ. ರೋಗಿಗಳ ದಾಖಲೆ, ಲ್ಯಾಬ್ ವರದಿ, ಔಷಧಿ ಅಂಗಡಿಯ ಲೆಕ್ಕ ಎಲ್ಲವೂ ಅವುಗಳಲ್ಲಿವೆ. ಪ್ರತಿ ರಾತ್ರಿ ಆ ದಾಖಲೆಗಳ ಪ್ರತಿ ತೆಗೆದಿಡಲು ಎಲ್ಲ ಸರ್ವರ್‌ಗಳಲ್ಲಿ ಒಂದು ಬ್ಯಾಕಪ್ ತಂತ್ರಾಂಶ ಹಾಕಿದ್ದಾರೆ. ಅದು ನಿಂತರೆ ಎಚ್ಚರಿಸಲು ಸ್ಕಾಮ್‌ನಲ್ಲಿ ವ್ಯವಸ್ಥೆ ಮಾಡಿದ್ದಾರೆ. ಪರದೆಯಲ್ಲಿ ಬ್ಯಾಕಪ್ ವಿಭಾಗ ತೆರೆದರೆ ಎಲ್ಲವೂ ಹಸಿರು. ಎಣಿಸಿ ನೋಡಿದರೆ ಮಾತ್ರ 11. ಹನ್ನೆರಡನೆಯ ಸರ್ವರ್‌ನಲ್ಲಿ ಬ್ಯಾಕಪ್ ನಿಂತು ಎಷ್ಟು ದಿನವಾದರೂ ಯಾರಿಗೂ ಸಂದೇಶ ಹೋಗದು. ಆ ಸರ್ವರ್‌ನ ಡಿಸ್ಕ್ ಕೆಟ್ಟ ದಿನ, ಹಳೆಯ ಎಕ್ಸ್‌ರೇ ಬೇಕೆಂದು ವೈದ್ಯರು ಕೇಳಿದಾಗ ಗೊತ್ತಾಗುತ್ತದೆ. ಈ ಹನ್ನೆರಡನೆಯ ಸರ್ವರ್ ಪಟ್ಟಿಗೆ ಏಕೆ ಬರಲಿಲ್ಲ ಎಂಬುದು ನಮ್ಮ ಪ್ರಶ್ನೆ.

ಮೊದಲು ರಿಜಿಸ್ಟ್ರಿ ಎಂದರೇನು ನೋಡೋಣ. ವಿಂಡೋಸ್ ಮತ್ತು ಅದರಲ್ಲಿ ಹಾಕಿದ ತಂತ್ರಾಂಶಗಳು ತಮ್ಮ ಹೊಂದಿಕೆಗಳನ್ನು ಬರೆದಿಡುವ ದಾಖಲೆ ಕೋಶವೇ ರಿಜಿಸ್ಟ್ರಿ. 1992ರಲ್ಲಿ ವಿಂಡೋಸ್ 3.1ರ ಜೊತೆ ಸಣ್ಣದಾಗಿ ಶುರುವಾಯಿತು. ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95ರಲ್ಲಿ ಈಗಿನ ದೊಡ್ಡ ರೂಪ ಪಡೆಯಿತು. ಫೋಲ್ಡರ್‌ನಂತೆ ಕಾಣುವುದನ್ನು ಕೀ ಎನ್ನುತ್ತಾರೆ, ಅದರೊಳಗೆ ಬರೆದಿರುವ ಹೆಸರು ಮತ್ತು ಮಾಹಿತಿಯ ಜೋಡಿಯನ್ನು ವ್ಯಾಲ್ಯೂ ಎನ್ನುತ್ತಾರೆ. ಇಡೀ ಯಂತ್ರಕ್ಕೆ ಅನ್ವಯಿಸುವ ಮಾಹಿತಿ ಲೋಕಲ್ ಮಷೀನ್ ಎಂಬ ಬೇರಿನ ಕೆಳಗಿರುತ್ತದೆ. ಆಯಾ ಬಳಕೆದಾರನಿಗೆ ಸೀಮಿತವಾದದ್ದು ಕರೆಂಟ್ ಯೂಸರ್ ಎಂಬ ಬೇರಿನ ಕೆಳಗೆ.

ತಂತ್ರಾಂಶ ಹಾಕಿದಾಗ ಸಾಮಾನ್ಯವಾಗಿ ಲೋಕಲ್ ಮಷೀನ್‌ನ ಕೆಳಗೆ ಸಾಫ್ಟ್‌ವೇರ್ ಎಂಬ ಕೀಯೊಳಗೆ ಕಂಪನಿಯ ಹೆಸರು, ಅದರೊಳಗೆ ತಂತ್ರಾಂಶದ ಹೆಸರು, ಆವೃತ್ತಿ, ಇರುವ ಜಾಗ ಇವೆಲ್ಲ ದಾಖಲಾಗುತ್ತವೆ. ಆದ್ದರಿಂದ ಒಂದು ಸರ್ವರ್‌ನಲ್ಲಿ ಈ ತಂತ್ರಾಂಶ ಇದೆಯೇ ಎಂದು ತಿಳಿಯಲು ಡಿಸ್ಕ್ ಪೂರ್ತಿ ಹುಡುಕಬೇಕಾಗಿಲ್ಲ, ರಿಜಿಸ್ಟ್ರಿಯ ಒಂದು ಸಾಲು ನೋಡಿದರೆ ಸಾಕು. ಸ್ಕ್ರಿಪ್ಟ್ ಬರೆದೂ ಹುಡುಕಬಹುದು, ಆದರೆ ಪ್ರತಿ ಸಲವೂ ಪ್ರತಿ ಸರ್ವರ್‌ನಲ್ಲಿ ಸ್ಕ್ರಿಪ್ಟ್ ಓಡಿಸುವುದು ಭಾರ. ರಿಜಿಸ್ಟ್ರಿ ಓದುವುದು ಹಗುರ. ಅದಕ್ಕೇ ಅನುಭವಿಗಳು ಮೊದಲ ಜರಡಿಯಾಗಿ ರಿಜಿಸ್ಟ್ರಿಯನ್ನು ಇಟ್ಟು, ಅದರಲ್ಲಿ ಸಿಕ್ಕ ಸರ್ವರ್‌ಗಳಲ್ಲಿ ಮಾತ್ರ ಸ್ಕ್ರಿಪ್ಟ್ ಓಡಿಸುತ್ತಾರೆ.

ಈಗ ಸ್ಕಾಮ್‌ನಲ್ಲಿ ಇದು ನಡೆಯುವ ರೀತಿ. ಏನನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು, ಸಿಕ್ಕರೆ ಏನೆಂದು ದಾಖಲಿಸಬೇಕು ಎಂಬುದೆಲ್ಲ ಮ್ಯಾನೇಜ್‌ಮೆಂಟ್ ಪ್ಯಾಕ್ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿರುತ್ತದೆ. ಆಡಳಿತಗಾರರು ಅದನ್ನು ಮ್ಯಾನೇಜ್‌ಮೆಂಟ್ ಸರ್ವರ್‌ಗೆ ಸೇರಿಸುತ್ತಾರೆ. ಅಲ್ಲಿಂದ ಅದು ಪ್ರತಿ ಸರ್ವರ್‌ನಲ್ಲಿ ಕೂತಿರುವ ಏಜೆಂಟ್‌ಗೆ ಇಳಿಯುತ್ತದೆ. ಏಜೆಂಟ್ ತಾನಿರುವ ಯಂತ್ರದ ರಿಜಿಸ್ಟ್ರಿಯನ್ನು ನಿಗದಿತ ಅವಧಿಗೊಮ್ಮೆ ಓದುತ್ತದೆ. ಓದಿದ್ದನ್ನು ಒಂದು ಸೋಸುಕದ ಮೂಲಕ ಹಾಯಿಸುತ್ತದೆ. ಷರತ್ತು ನಿಜವಾದರೆ 'ಇಲ್ಲಿ ಬ್ಯಾಕಪ್ ತಂತ್ರಾಂಶ ಇದೆ' ಎಂಬ ವರದಿಯನ್ನು ಮೇಲಕ್ಕೆ ಕಳಿಸುತ್ತದೆ. ಮ್ಯಾನೇಜ್‌ಮೆಂಟ್ ಸರ್ವರ್ ಅದನ್ನು ದತ್ತಸಂಚಯದಲ್ಲಿ ಬರೆದುಕೊಂಡ ಮೇಲೆ ಕನ್ಸೋಲ್‌ನಲ್ಲಿ ಹೆಸರು ಕಾಣಿಸುತ್ತದೆ.

ಹದೀಸ್ ಓದಿದವರಿಗೆ ಇಸ್ನಾದ್ ಎಂಬ ಮಾತು ಗೊತ್ತಿದೆ. ಒಂದು ವರದಿ ಯಾರಿಂದ ಯಾರಿಗೆ ಬಂತು ಎಂಬ ನಿರೂಪಕರ ಸರಪಳಿ ಅದು. ವಿದ್ವಾಂಸರು ವರದಿಯನ್ನಷ್ಟೇ ನೋಡದೆ ಸರಪಳಿಯ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದರು. ಇವರು ಅವರನ್ನು ನಿಜವಾಗಿ ಕಂಡಿದ್ದರೇ, ಇವರ ನೆನಪು ಗಟ್ಟಿಯಿತ್ತೇ, ನಡುವೆ ಒಂದು ಕೊಂಡಿ ಬಿಟ್ಟುಹೋಗಿದೆಯೇ ಎಂದು. ಯಂತ್ರದ ವಿಷಯಕ್ಕೆ ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ಸರಿಯಲ್ಲ. ಆದರೂ ಕ್ರಮ ಅದೇ. ಸಾಕ್ಷಿ ಹೇಳದ ಕೊಂಡಿ ಯಾವುದು ಎಂದು ಒಂದೊಂದಾಗಿ ಕೇಳುತ್ತಾ ಹೋಗಬೇಕು. ಕನ್ಸೋಲ್ ಮುಂದೆ ಕೂತು ಹತ್ತು ಸಲ ರಿಫ್ರೆಶ್ ಒತ್ತಿದರೆ ಏನೂ ತಿಳಿಯದು, ಏಕೆಂದರೆ ಕನ್ಸೋಲ್ ಸರಪಳಿಯ ಕೊನೆಯ ಕೊಂಡಿ. ವಿಚಾರಣೆ ಇನ್ನೊಂದು ತುದಿಯಿಂದ, ಅಂದರೆ ಆ ಹನ್ನೆರಡನೆಯ ಸರ್ವರ್‌ನಿಂದ ಶುರುವಾಗಬೇಕು.

ಆ ಸರ್ವರ್‌ನಲ್ಲಿ ಕೂತು ರೆಜ್‌ಎಡಿಟ್ ತೆರೆದು ನಾವು ನಿರೀಕ್ಷಿಸಿದ ಜಾಗದಲ್ಲಿ ಕೀ ಇದೆಯೇ ನೋಡಬೇಕು. ಅತಿ ಹೆಚ್ಚು ಸಲ ಉತ್ತರ ಸಿಗುವುದು ಇಲ್ಲೇ. ಕೀ ಇರುತ್ತದೆ, ಆದರೆ ನಾವು ಹೇಳಿದ ಜಾಗದಲ್ಲಿ ಇರುವುದಿಲ್ಲ.

ಇದರ ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ವಿಂಡೋಸ್ ಸರ್ವರ್‌ಗಳೆಲ್ಲ 64 ಬಿಟ್‌ನವು. ಆದರೆ 32 ಬಿಟ್‌ಗೆ ಬರೆದ ಹಳೆಯ ತಂತ್ರಾಂಶಗಳೂ ಅವುಗಳಲ್ಲಿ ಓಡಬೇಕು. ಎರಡೂ ಬಗೆಯ ತಂತ್ರಾಂಶಗಳು ಒಂದೇ ಹೆಸರಿನ ಕೀಯಲ್ಲಿ ಬರೆದರೆ ಒಂದರ ಮಾಹಿತಿಯನ್ನು ಇನ್ನೊಂದು ಅಳಿಸಿಬಿಡಬಹುದು. ಅದಕ್ಕಾಗಿ ವಿಂಡೋಸ್ ಒಂದು ಉಪಾಯ ಮಾಡಿದೆ. 32 ಬಿಟ್‌ನ ತಂತ್ರಾಂಶ 'ಸಾಫ್ಟ್‌ವೇರ್' ಕೀಯೊಳಗೆ ಬರೆಯಲು ಹೋದಾಗ ಅದಕ್ಕೆ ತಿಳಿಯದಂತೆಯೇ ಆ ಬರಹವನ್ನು 'ಸಾಫ್ಟ್‌ವೇರ್\ವಾವ್6432ನೋಡ್' ಎಂಬ ಒಳಕೋಣೆಗೆ ತಿರುಗಿಸುತ್ತದೆ. ಓದಲು ಬಂದಾಗಲೂ ಅಲ್ಲಿಂದಲೇ ತೆಗೆದು ಕೊಡುತ್ತದೆ. ತಂತ್ರಾಂಶಕ್ಕೆ ತಾನು ಮುಖ್ಯ ಕೋಣೆಯಲ್ಲೇ ಇದ್ದೇನೆ ಎಂಬ ಭಾವನೆ. ತಂತ್ರಾಂಶದ ಕೈಪಿಡಿಯಲ್ಲೂ 'ಸಾಫ್ಟ್‌ವೇರ್\ಕಂಪನಿ\ಬ್ಯಾಕಪ್' ಎಂದೇ ಬರೆದಿರುತ್ತಾರೆ.

ಆದರೆ 64 ಬಿಟ್ ಸರ್ವರ್‌ನಲ್ಲಿ ಸ್ಕಾಮ್‌ನ ಏಜೆಂಟ್ ಕೂಡ 64 ಬಿಟ್‌ನದು. ಅದಕ್ಕೆ ಈ ತಿರುಗಿಸುವಿಕೆ ಅನ್ವಯಿಸುವುದಿಲ್ಲ. ಕೈಪಿಡಿ ನಂಬಿ ಬರೆದ ದಾರಿಯಲ್ಲಿ ಅದು ನೇರವಾಗಿ ಮುಖ್ಯ ಕೋಣೆಗೆ ಹೋಗುತ್ತದೆ, ಏನೂ ಕಾಣುವುದಿಲ್ಲ, ಸುಮ್ಮನಾಗುತ್ತದೆ. ದೋಷ ಎಂದು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಅದರ ಮಟ್ಟಿಗೆ ಇದು ದೋಷವೇ ಅಲ್ಲ. ಬ್ಯಾಕಪ್ ಇಲ್ಲದ ಸರ್ವರ್‌ನಲ್ಲಿ ಕೀ ಇಲ್ಲದಿರುವುದು ಸಹಜ ತಾನೇ? ನಮ್ಮ ಆಸ್ಪತ್ರೆಯ 11 ಸರ್ವರ್‌ಗಳಲ್ಲಿ 64 ಬಿಟ್‌ನ ಬ್ಯಾಕಪ್ ಹಾಕಿ, ಹನ್ನೆರಡನೆಯದರಲ್ಲಿ ಯಾರೋ ಹಳೆಯ ಸಿಡಿಯಿಂದ 32 ಬಿಟ್‌ನದ್ದನ್ನು ಹಾಕಿದ್ದರೆ ನಾವು ಕಂಡ ಚಿತ್ರವೇ ಮೂಡುತ್ತದೆ.

ಪರಿಹಾರ ಎರಡು ಬಗೆ. ಮೊದಲನೆಯದು, ಡಿಸ್ಕವರಿಯಲ್ಲಿ ಎರಡೂ ದಾರಿಗಳನ್ನು ಬರೆಯುವುದು. ಎರಡನೆಯದು ನನಗೆ ಹೆಚ್ಚು ಇಷ್ಟವಾದದ್ದು. ಬ್ಯಾಕಪ್ ತಂತ್ರಾಂಶ ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಸರ್ವಿಸ್ ಆಗಿದ್ದರೆ ಅದರ ಹೆಸರು 'ಸಿಸ್ಟಮ್\ಕರೆಂಟ್‌ಕಂಟ್ರೋಲ್‌ಸೆಟ್\ಸರ್ವೀಸಸ್' ಎಂಬ ಕೀಯ ಕೆಳಗೆ ಇದ್ದೇ ಇರುತ್ತದೆ. ಈ ಭಾಗಕ್ಕೆ 32, 64ರ ಭೇದವಿಲ್ಲ, ತಿರುಗಿಸುವಿಕೆಯೂ ಇಲ್ಲ. ಹುಡುಕಾಟವನ್ನು ಅಲ್ಲಿಗೆ ಕಟ್ಟಿದರೆ ಒಂದೇ ದಾರಿಯಲ್ಲಿ ಎರಡೂ ಬಗೆಯವು ಸಿಗುತ್ತವೆ.

ಕೀ ಸರಿಯಾದ ಜಾಗದಲ್ಲೇ ಇದ್ದರೆ ದಾರಿ ಬರೆದ ರೀತಿ ನೋಡಬೇಕು. ಸ್ಕಾಮ್‌ನ ರಿಜಿಸ್ಟ್ರಿ ಡಿಸ್ಕವರಿ ಓದುವುದು ಲೋಕಲ್ ಮಷೀನ್ ಬೇರನ್ನು ಮಾತ್ರ. ಆದ್ದರಿಂದ ದಾರಿ 'ಸಾಫ್ಟ್‌ವೇರ್' ಎಂದೇ ಶುರುವಾಗಬೇಕು. ರೆಜ್‌ಎಡಿಟ್‌ನಿಂದ ದಾರಿಯನ್ನು ಪೂರ್ತಿ ನಕಲು ಮಾಡಿ ಅಂಟಿಸಿದರೆ ಬೇರಿನ ಹೆಸರೂ ಜೊತೆಗೆ ಬಂದು, ಏಜೆಂಟ್ ಲೋಕಲ್ ಮಷೀನ್‌ನೊಳಗೆ ಇನ್ನೊಂದು ಲೋಕಲ್ ಮಷೀನ್ ಹುಡುಕತೊಡಗುತ್ತದೆ. ಕರೆಂಟ್ ಯೂಸರ್ ಕೆಳಗೆ ಬರೆದ ಮಾಹಿತಿಯಂತೂ ಈ ವಿಧಾನಕ್ಕೆ ಸಿಗುವುದೇ ಇಲ್ಲ. ಏಜೆಂಟ್ ಸಾಮಾನ್ಯವಾಗಿ ಲೋಕಲ್ ಸಿಸ್ಟಮ್ ಎಂಬ ಖಾತೆಯಲ್ಲಿ ಓಡುತ್ತದೆ, ನೀವು ಲಾಗಿನ್ ಆದ ಖಾತೆ ಅದಕ್ಕೆ ಬೇರೆಯವರ ಮನೆ.

ಕೀ ಮತ್ತು ವ್ಯಾಲ್ಯೂ ಅದಲುಬದಲಾಗುವುದೂ ಉಂಟು. 'ಬ್ಯಾಕಪ್' ಎಂಬುದು ಕೀ ಆಗಿದ್ದು, ಡಿಸ್ಕವರಿಯಲ್ಲಿ ಅದನ್ನು ವ್ಯಾಲ್ಯೂ ಎಂದು ಗುರುತಿಸಿದ್ದರೆ ಉತ್ತರ ಯಾವಾಗಲೂ 'ಇಲ್ಲ'. ನೋಡಲು ಸಣ್ಣ ವಿಷಯ, ಹುಡುಕಲು ಅರ್ಧ ದಿನ.

ಮುಂದಿನ ಕೊಂಡಿ ಸೋಸುಕ, ಅಂದರೆ ಷರತ್ತು. ತರಗತಿಯಲ್ಲಿ ಬೂಲಿಯನ್ ಬೀಜಗಣಿತ ಏಕೆ ಕಲಿಯಬೇಕು ಎಂದು ಕೇಳುವವರು ಇಲ್ಲಿ ಸ್ವಲ್ಪ ನಿಲ್ಲಿ. ಮೇಲೆ ಹೇಳಿದಂತೆ ಎರಡು ದಾರಿಗಳನ್ನು ಬರೆದಿದ್ದೇವೆ. ಮುಖ್ಯ ಕೋಣೆಯಲ್ಲಿ ಕೀ ಇದೆಯೇ ಎಂಬುದು ಒಂದು ಪ್ರಶ್ನೆ, ಒಳಕೋಣೆಯಲ್ಲಿ ಇದೆಯೇ ಎಂಬುದು ಇನ್ನೊಂದು. ಈಗ ಎರಡನ್ನೂ ಆ್ಯಂಡ್‌ನಿಂದ ಜೋಡಿಸಬೇಕೇ, ಆರ್‌ನಿಂದ ಜೋಡಿಸಬೇಕೇ? ಸತ್ಯ ಕೋಷ್ಟಕ ಬರೆದು ನೋಡಿ. 64 ಬಿಟ್‌ನ ಬ್ಯಾಕಪ್ ಇರುವಲ್ಲಿ ಉತ್ತರಗಳು ನಿಜ, ಸುಳ್ಳು. 32 ಬಿಟ್‌ನದಿರುವಲ್ಲಿ ಸುಳ್ಳು, ನಿಜ. ಬ್ಯಾಕಪ್ ಇಲ್ಲದಲ್ಲಿ ಸುಳ್ಳು, ಸುಳ್ಳು. ಆ್ಯಂಡ್ ಹಾಕಿದರೆ ಮೂರರಲ್ಲೂ ಸುಳ್ಳು. ಅಂದರೆ ಹನ್ನೆರಡನೆಯದನ್ನು ಸೇರಿಸಲು ಹೋಗಿ ಮೊದಲಿದ್ದ 11ನ್ನೂ ಕಳೆದುಕೊಂಡಂತೆ. ಆರ್ ಹಾಕಿದರೆ ಮೊದಲೆರಡರಲ್ಲಿ ನಿಜ, ಕೊನೆಯದರಲ್ಲಿ ಸುಳ್ಳು. ನಮಗೆ ಬೇಕಾದದ್ದು ಅದು. ಮಾತಿನಲ್ಲಿ ನಾವು 'ಅಲ್ಲೂ ನೋಡು, ಇಲ್ಲೂ ನೋಡು' ಎನ್ನುತ್ತೇವೆ. ಆ 'ಊ' ಕಾರ ಕಿವಿಗೆ ಆ್ಯಂಡ್‌ನಂತೆ ಕೇಳಿಸಿ ದಾರಿ ತಪ್ಪಿಸುತ್ತದೆ.

ಸೋಸುಕದಲ್ಲಿ ಇನ್ನೊಂದು ಎಚ್ಚರ ಬೇಕು. ಓದುವ ಭಾಗದಲ್ಲಿ ಕೀಗೆ ಒಂದು ಹೆಸರು ಕೊಟ್ಟು, ಷರತ್ತಿನ ಭಾಗದಲ್ಲಿ ಅದೇ ಹೆಸರಿನಿಂದ ಅದನ್ನು ಕರೆಯಬೇಕು. ಎಕ್ಸ್‌ಎಂಎಲ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಇಂಗ್ಲಿಷಿನ ಒಂದು ಅಕ್ಷರ ದೊಡ್ಡದಾದರೂ ಷರತ್ತು ಎಂದೂ ಇಲ್ಲದ ಹೆಸರನ್ನು ಕರೆಯುತ್ತಿರುತ್ತದೆ.

ಆವೃತ್ತಿಯನ್ನು ಹೋಲಿಸುವಾಗ ದತ್ತಾಂಶದ ಬಗೆಯೂ ಮುಖ್ಯವಾಗುತ್ತದೆ. ರಿಜಿಸ್ಟ್ರಿಯಲ್ಲಿ ಆವೃತ್ತಿ ಸಂಖ್ಯೆಯನ್ನು ಸಂಖ್ಯೆಯಾಗಿಯೂ ಬರೆಯಬಹುದು, ಅಕ್ಷರಮಾಲೆಯಾಗಿಯೂ ಬರೆಯಬಹುದು. 9ಕ್ಕಿಂತ 10 ದೊಡ್ಡದು ಎಂಬುದು ಸಂಖ್ಯೆಯ ಲೆಕ್ಕ. ಅಕ್ಷರಮಾಲೆಯಾಗಿ ಹೋಲಿಸಿದರೆ ಮೊದಲ ಅಕ್ಷರ ನೋಡುವುದರಿಂದ '10' ಎಂಬುದು '9'ಕ್ಕಿಂತ ಚಿಕ್ಕದಾಗುತ್ತದೆ. ಪೈಥಾನ್‌ನಲ್ಲಿ ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಇಟ್ಟು ಹೋಲಿಸಿ ನೋಡಿ, ಇದೇ ಉತ್ತರ ಬರುತ್ತದೆ. '9 ಅಥವಾ ಅದಕ್ಕಿಂತ ಮೇಲಿನ ಆವೃತ್ತಿ' ಎಂದು ಷರತ್ತು ಹಾಕಿದವರ ಪಟ್ಟಿಯಿಂದ ಹೊಚ್ಚ ಹೊಸ 10ನೇ ಆವೃತ್ತಿಯೇ ಬಿಟ್ಟುಹೋಗಲು ಇಷ್ಟು ಸಾಕು.

ದಾರಿ, ಬಗೆ, ಷರತ್ತು ಮೂರೂ ಸರಿಯಿದ್ದರೆ ಆ ಆದೇಶ ಏಜೆಂಟ್‌ಗೆ ತಲುಪಿದೆಯೇ ಎಂದು ಕೇಳಬೇಕು. ಸರ್ವರ್‌ನ ಈವೆಂಟ್ ವ್ಯೂವರ್‌ನಲ್ಲಿ ಆಪರೇಷನ್ಸ್ ಮ್ಯಾನೇಜರ್ ಎಂಬ ಪ್ರತ್ಯೇಕ ಲಾಗ್ ಇರುತ್ತದೆ. ಅಲ್ಲಿ 1201 ಸಂಖ್ಯೆಯ ಘಟನೆ ಕಂಡರೆ ಹೊಸ ಮ್ಯಾನೇಜ್‌ಮೆಂಟ್ ಪ್ಯಾಕ್ ಬಂದಿದೆ ಎಂದರ್ಥ. 21025 ಕಂಡರೆ ಹೊಸ ಹೊಂದಿಕೆ ಬಂದಿದೆ. 1210 ಕಂಡರೆ ಆ ಹೊಂದಿಕೆ ಜಾರಿಗೆ ಬಂದಿದೆ. ಈ ಮೂರು ಸಂಖ್ಯೆಗಳನ್ನು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮ್ಯಾನೇಜ್‌ಮೆಂಟ್ ಪ್ಯಾಕ್ ಸೇರಿಸಿದ ಹೊತ್ತಿನ ನಂತರದ 1210 ಆ ಸರ್ವರ್‌ನಲ್ಲಿ ಇಲ್ಲದಿದ್ದರೆ ರಿಜಿಸ್ಟ್ರಿಯನ್ನು ಎಷ್ಟು ತಡಕಿದರೂ ವ್ಯರ್ಥ. ತೊಂದರೆ ಏಜೆಂಟ್ ಮತ್ತು ಮ್ಯಾನೇಜ್‌ಮೆಂಟ್ ಸರ್ವರ್ ನಡುವಿನ ಸಂಪರ್ಕದಲ್ಲಿದೆ, ಅಥವಾ ಡಿಸ್ಕವರಿಯ ಗುರಿಯಲ್ಲಿದೆ.

ಗುರಿ ಎಂದರೆ ಯಾವ ವರ್ಗದ ಯಂತ್ರಗಳಲ್ಲಿ ಈ ಹುಡುಕಾಟ ನಡೆಯಬೇಕು ಎಂಬ ಸೂಚನೆ. 'ವಿಂಡೋಸ್ ಸರ್ವರ್' ಎಂದು ವಿಶಾಲವಾಗಿ ಕೊಡದೆ ಒಂದು ನಿರ್ದಿಷ್ಟ ಆವೃತ್ತಿಯ ವರ್ಗಕ್ಕೆ ಗುರಿಯಿಟ್ಟರೆ, ಬೇರೆ ಆವೃತ್ತಿಯ ಸರ್ವರ್‌ನಲ್ಲಿ ಆ ಹುಡುಕಾಟ ಶುರುವಾಗುವುದೇ ಇಲ್ಲ. ಕೆಲವು ಮ್ಯಾನೇಜ್‌ಮೆಂಟ್ ಪ್ಯಾಕ್‌ಗಳಲ್ಲಿ ಡಿಸ್ಕವರಿಯನ್ನು ಮೊದಲೇ ನಿಷ್ಕ್ರಿಯವಾಗಿಟ್ಟು, ಬೇಕಾದ ಗುಂಪಿಗೆ ಮಾತ್ರ ಸಕ್ರಿಯಗೊಳಿಸಲು ಬಿಟ್ಟಿರುತ್ತಾರೆ. ಹೊಸ ಸರ್ವರ್ ಆ ಗುಂಪಿಗೆ ಸೇರಿಲ್ಲದಿದ್ದರೆ ಫಲಿತಾಂಶ ಅದೇ.

ಕೆಲವೊಮ್ಮೆ ಎಲ್ಲವೂ ಸರಿಯಿದ್ದು ಕಾಯುವ ತಾಳ್ಮೆ ಮಾತ್ರ ಇರುವುದಿಲ್ಲ. ಡಿಸ್ಕವರಿಯ ಅವಧಿಯನ್ನು ಬಹಳಷ್ಟು ಕಡೆ 86,400 ಸೆಕೆಂಡು ಎಂದು ಇಟ್ಟಿರುತ್ತಾರೆ. 24ನ್ನು 3,600ರಿಂದ ಗುಣಿಸಿ, ದಿನಕ್ಕೊಮ್ಮೆ. ಬೆಳಿಗ್ಗೆ ಹುಡುಕಾಟ ಮುಗಿದ ಮೇಲೆ ಮಧ್ಯಾಹ್ನ ಬ್ಯಾಕಪ್ ಹಾಕಿದರೆ ಅದು ಮರುದಿನ ಬೆಳಿಗ್ಗೆ ಕಾಣಿಸುತ್ತದೆ. ಏಜೆಂಟ್‌ನ ಹೆಲ್ತ್ ಸರ್ವಿಸ್ ಎಂಬ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸಾಮಾನ್ಯವಾಗಿ ಹುಡುಕಾಟವೂ ಮತ್ತೆ ನಡೆಯುತ್ತದೆ. ಪರೀಕ್ಷೆಗಾಗಿ ಅವಧಿಯನ್ನು 60 ಸೆಕೆಂಡಿಗೆ ಇಳಿಸುವವರಿದ್ದಾರೆ. ಪ್ರಯೋಗದ ಯಂತ್ರದಲ್ಲಿ ಪರವಾಗಿಲ್ಲ, ಕೆಲಸದ ಸರ್ವರ್‌ಗಳಲ್ಲಿ ಹಾಗೆ ಬಿಡುವುದು ತರವಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ಡಿಸ್ಕವರಿಯಲ್ಲಿ ವಸ್ತುವಿನ ಜೊತೆ ಅದರ ಕೆಲವು ಗುಣಗಳನ್ನೂ ದಾಖಲಿಸಬಹುದು. ಆವೃತ್ತಿ, ತಂತ್ರಾಂಶ ಇರುವ ಜಾಗ ಇಂಥ ನಿಧಾನಕ್ಕೆ ಬದಲಾಗುವ ಸಂಗತಿಗಳನ್ನೇ ಆರಿಸಬೇಕು. 'ಕೊನೆಯ ಬ್ಯಾಕಪ್ ನಡೆದ ಹೊತ್ತು' ಎಂಬುದನ್ನು ಇಲ್ಲಿ ಸೇರಿಸಿದರೆ ಪ್ರತಿ ಹುಡುಕಾಟದಲ್ಲೂ ಅದು ಬದಲಾಗಿರುತ್ತದೆ, ಪ್ರತಿ ಬದಲಾವಣೆಗೂ ವ್ಯವಸ್ಥೆ ಹೊಂದಿಕೆಯನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ನೂರಾರು ಸರ್ವರ್‌ಗಳಿರುವಲ್ಲಿ ಇದೊಂದೇ ತಪ್ಪು ಇಡೀ ನಿಗಾ ವ್ಯವಸ್ಥೆಯನ್ನು ಏದುಸಿರು ಬಿಡುವಂತೆ ಮಾಡಬಲ್ಲದು.

ಕೊನೆಯ ಕೊಂಡಿ ಮ್ಯಾನೇಜ್‌ಮೆಂಟ್ ಸರ್ವರ್. ಏಜೆಂಟ್ ಕಳಿಸಿದ ವರದಿಯನ್ನು ಅದು ತಿರಸ್ಕರಿಸಿರಬಹುದು. ಬ್ಯಾಕಪ್ ತಂತ್ರಾಂಶ ಯಾವ ಕಂಪ್ಯೂಟರ್‌ನಲ್ಲಿದೆ ಎಂದು ಗುರುತಿಸುವ ಮುಖ್ಯ ಗುಣವನ್ನು ವರದಿಯಲ್ಲಿ ಸರಿಯಾಗಿ ತುಂಬದಿದ್ದರೆ ದತ್ತಸಂಚಯಕ್ಕೆ ಅದನ್ನು ಎಲ್ಲಿ ಸೇರಿಸಬೇಕೆಂದು ತಿಳಿಯದು. ದತ್ತಸಂಚಯದ ಪಾಠದಲ್ಲಿ ಪ್ರೈಮರಿ ಕೀ, ಫಾರಿನ್ ಕೀ ಓದಿದವರಿಗೆ ಇದು ಅರ್ಥವಾಗುತ್ತದೆ. ಆಗ ಮ್ಯಾನೇಜ್‌ಮೆಂಟ್ ಸರ್ವರ್‌ನ ಲಾಗ್‌ನಲ್ಲಿ 10801 ಸಂಖ್ಯೆಯ ಘಟನೆ ಕಾಣಿಸಬಹುದು. ಡಿಸ್ಕವರಿ ಮಾಹಿತಿಯನ್ನು ಸೇರಿಸಲಾಗಲಿಲ್ಲ ಎಂದು ಅದು ಹೇಳುತ್ತದೆ. ಸರಪಳಿಯಲ್ಲಿ ಬಾಯಿಬಿಟ್ಟು ದೂರುವ ಕೆಲವೇ ಕೊಂಡಿಗಳಲ್ಲಿ ಇದೊಂದು.

ಹೀಗೆ ಒಂದೊಂದನ್ನೇ ಕೇಳುವ ಬದಲು ಬಹಳ ಜನ ಮೊದಲೇ ಏಜೆಂಟ್‌ನ ಸಂಗ್ರಹವನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡುತ್ತಾರೆ. ಅದಕ್ಕೊಂದು ಸಿದ್ಧ ಆಜ್ಞೆಯೂ ಕನ್ಸೋಲ್‌ನಲ್ಲಿದೆ. ಸಂಗ್ರಹ ನಿಜಕ್ಕೂ ಕೆಟ್ಟಿದ್ದರೆ ಅದು ಸರಿಯಾದ ಮದ್ದು. ಆದರೆ ಕಾರಣ ತಿಳಿಯದೆ ಅಳಿಸಿದರೆ ಇನ್ನೂ ಮೇಲಕ್ಕೆ ಕಳಿಸದೆ ಉಳಿದಿದ್ದ ಮಾಹಿತಿಯೂ ಹೋಗುತ್ತದೆ. ಕೀ ವಾವ್6432ನೋಡ್‌ನಲ್ಲಿ ಕೂತಿದ್ದರೆ ಹತ್ತು ಸಲ ಅಳಿಸಿದರೂ ಅದು ಅಲ್ಲೇ ಕೂತಿರುತ್ತದೆ.

ಇದರ ತಿರುಗುಮುರುಗು ತೊಂದರೆಯೂ ಇದೆ. ತಂತ್ರಾಂಶವನ್ನು ತೆಗೆದುಹಾಕಿದರೂ ಕೆಲವು ತಂತ್ರಾಂಶಗಳು ರಿಜಿಸ್ಟ್ರಿಯಲ್ಲಿ ತಮ್ಮ ಕೀಯನ್ನು ಬಿಟ್ಟು ಹೋಗುತ್ತವೆ. ಏಜೆಂಟ್ ಕೀ ಕಂಡು 'ಇದೆ' ಎನ್ನುತ್ತದೆ, ನಿಗಾ ವ್ಯವಸ್ಥೆ ಸೇವೆ ಓಡುತ್ತಿಲ್ಲ ಎಂದು ದಿನವೂ ಕೆಂಪು ತೋರಿಸುತ್ತದೆ. ಕಾಲೇಜು ಬಿಟ್ಟು ಹೋದವನ ಹೆಸರಿಗೆ ಆಬ್ಸೆಂಟ್ ಹಾಕುತ್ತಾ ಕೂತಂತೆ. ಇದು ಕಿರಿಕಿರಿಯೇ ಹೊರತು ಅಪಾಯವಲ್ಲ, ಕಣ್ಣಿಗಾದರೂ ಬೀಳುತ್ತದೆ. ಡಿಸ್ಕವರಿಯನ್ನು ನಿಷ್ಕ್ರಿಯಗೊಳಿಸಿದ ಮಾತ್ರಕ್ಕೆ ಮೊದಲೇ ಪತ್ತೆಯಾದ ವಸ್ತು ಪಟ್ಟಿಯಿಂದ ಹೋಗುವುದಿಲ್ಲ ಎಂಬುದು ನೆನಪಿರಲಿ. ಅದನ್ನು ತೆಗೆಯಲು ಪವರ್‌ಶೆಲ್‌ನಲ್ಲಿ ಪ್ರತ್ಯೇಕ ಆಜ್ಞೆಯಿದೆ.

ಅಪಾಯ ಇರುವುದು ಆವೃತ್ತಿ ಏರಿಸುವಾಗ. ಕೆಲವು ತಂತ್ರಾಂಶಗಳ ಕೀ ದಾರಿಯಲ್ಲೇ ಆವೃತ್ತಿ ಸಂಖ್ಯೆ ಇರುತ್ತದೆ. '9.0' ಎಂಬ ಕೀ ಅಳಿದು '10.0' ಎಂಬುದು ಬಂದರೆ, ಹಳೆಯ ದಾರಿ ನೋಡುವ ಡಿಸ್ಕವರಿಗೆ ಏನೂ ಕಾಣದು. ತಂತ್ರಾಂಶ ಹೋಯಿತು ಎಂದುಕೊಂಡು ಅದನ್ನು ಪಟ್ಟಿಯಿಂದ ತೆಗೆಯುತ್ತದೆ, ಜೊತೆಗೆ ಅದರ ಮೇಲಿನ ನಿಗಾ ಕೂಡ ಹೋಗುತ್ತದೆ. ನಿನ್ನೆಯವರೆಗೆ ಚೆನ್ನಾಗಿ ಕಾಣುತ್ತಿದ್ದ 11 ಸರ್ವರ್‌ಗಳೂ ಒಂದು ವಾರಾಂತ್ಯದ ನವೀಕರಣದ ನಂತರ ಒಂದೊಂದಾಗಿ ಕಣ್ಮರೆಯಾಗಬಹುದು, ಒಂದೂ ಕೆಂಪು ದೀಪ ಹತ್ತದೆ.

ಹಾಗಾದರೆ ಇಲ್ಲದ್ದು ಇಲ್ಲವೆಂದು ಗೊತ್ತಾಗುವುದು ಹೇಗೆ? ನಿಗಾ ತಂತ್ರಾಂಶದ ಒಳಗಿನಿಂದ ಗೊತ್ತಾಗುವುದಿಲ್ಲ. ಹೊರಗಿನ ಇನ್ನೊಂದು ಪಟ್ಟಿ ಬೇಕು. ಕಾಲೇಜಿನಲ್ಲಿ ಕಚೇರಿಯ ದಾಖಲಾತಿ ಪುಸ್ತಕ ಬೇರೆ, ತರಗತಿಯ ಹಾಜರಿ ಪುಸ್ತಕ ಬೇರೆ. ಇವೆರಡನ್ನೂ ಎದುರುಬದುರು ಇಟ್ಟ ದಿನ ತಡವಾಗಿ ಸೇರಿದ ಹುಡುಗನ ಹೆಸರು ಬಿಟ್ಟಿರುವುದು ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿ ಬ್ಯಾಕಪ್ ತಂತ್ರಾಂಶದ ಎಷ್ಟು ಪರವಾನಗಿ ಕೊಂಡಿದ್ದೇವೆ, ಯಾವ ಯಾವ ಸರ್ವರ್‌ಗೆ ಹಾಕಿದ್ದೇವೆ ಎಂಬ ಖರೀದಿ ಪಟ್ಟಿ ಇರುತ್ತದೆ. ಅದರಲ್ಲಿ 12. ಕನ್ಸೋಲ್‌ನ ಡಿಸ್ಕವರ್ಡ್ ಇನ್ವೆಂಟರಿ ಎಂಬ ಭಾಗದಲ್ಲಿ ಬ್ಯಾಕಪ್ ವರ್ಗವನ್ನು ಆರಿಸಿದರೆ 11. ತಿಂಗಳಿಗೊಮ್ಮೆ, ಮತ್ತು ಪ್ರತಿ ನವೀಕರಣದ ಮರುದಿನ, ಈ ಎರಡು ಸಂಖ್ಯೆಗಳನ್ನು ಹೋಲಿಸುವ ಕೆಲಸವನ್ನು ಒಬ್ಬರ ಹೆಸರಿಗೆ ಹಚ್ಚಬೇಕು. ಐದು ನಿಮಿಷದ ಕೆಲಸ.

ನಮ್ಮ ಲ್ಯಾಬ್‌ನಲ್ಲಿ ಸ್ಕಾಮ್ ಇಲ್ಲ, ಆದರೆ ರಿಜಿಸ್ಟ್ರಿಯ ಎರಡು ಕೋಣೆಗಳನ್ನು ಯಾವುದೇ 64 ಬಿಟ್ ವಿಂಡೋಸ್ ಕಂಪ್ಯೂಟರ್‌ನಲ್ಲಿ ನೋಡಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು 'ರೆಗ್ ಕ್ವೆರಿ' ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಅದರ ಮುಂದೆ ಲೋಕಲ್ ಮಷೀನ್‌ನ 'ಸಾಫ್ಟ್‌ವೇರ್\ಮೈಕ್ರೋಸಾಫ್ಟ್\ವಿಂಡೋಸ್\ಕರೆಂಟ್‌ವರ್ಷನ್\ಅನ್‌ಇನ್‌ಸ್ಟಾಲ್' ಎಂಬ ದಾರಿ ಕೊಡಿ. ಕೊನೆಯಲ್ಲಿ ಒಮ್ಮೆ '/ರೆಗ್:64' ಎಂದು ಸೇರಿಸಿ ಓಡಿಸಿ, ಇನ್ನೊಮ್ಮೆ '/ರೆಗ್:32' ಎಂದು. ಇದು ಓದುವ ಆಜ್ಞೆ ಮಾತ್ರ, ಯಾವುದೂ ಅಳಿಯುವುದಿಲ್ಲ. ರೆಜ್‌ಎಡಿಟ್ ತೆರೆದು ಕೈಯಾಡಿಸುವುದು ಬೇಡ. ಒಂದೇ ದಾರಿಗೆ ಎರಡು ಬೇರೆ ಬೇರೆ ಪಟ್ಟಿಗಳು ಬರುತ್ತವೆ. ಎರಡನೆಯದರಲ್ಲಿ ಮಾತ್ರ ಇರುವ ಒಂದು ತಂತ್ರಾಂಶವನ್ನು ಆರಿಸಿ, ಅದನ್ನು ಪತ್ತೆ ಮಾಡುವ ಡಿಸ್ಕವರಿಗೆ ಯಾವ ದಾರಿ, ಕೀಯೋ ವ್ಯಾಲ್ಯೂವೋ, ಯಾವ ಷರತ್ತು ಬರೆಯುತ್ತೀರಿ ಎಂಬುದನ್ನು ಸತ್ಯ ಕೋಷ್ಟಕದೊಂದಿಗೆ ಒಂದು ಹಾಳೆಯಲ್ಲಿ ಬರೆದು ಮುಂದಿನ ಪ್ರಾಯೋಗಿಕ ತರಗತಿಗೆ ತನ್ನಿ.